ಅಂಚೆ ಇಲಾಖೆಯ ಲೆಕ್ಕಪರಿಶೋಧನೆ (ಭಾರತ)

ಭಾರತೀಯ ಅಂಚೆಯ ಆದಾಯ, ಖರ್ಚು ಮತ್ತು ಕೆಲಸದ ದಕ್ಷತೆಯನ್ನು ಪರಿಶೀಲಿಸುವ ಏರ್ಪಾಡು. ಅಂಚೆಯು ನಿಗಮವಲ್ಲ, ಕೇಂದ್ರ ಸಂಪರ್ಕ ಸಚಿವಾಲಯದ ಇಲಾಖೆ. ಹಾಗಾಗಿ ಅದರ ಹೊರಗಿನ ಲೆಕ್ಕಪರಿಶೋಧನೆ ಸಿಎಜಿ ಎಂದೇ ಪರಿಚಿತರಾದ ಮಹಾಲೇಖಪಾಲರ ಹೊಣೆ. ವರದಿಗಳು ಸಂವಿಧಾನದ 151ನೆಯ ವಿಧಿಯಂತೆ ರಾಷ್ಟ್ರಪತಿಗಳ ಮೂಲಕ ಸಂಸತ್ತಿಗೆ ಬಂದು, ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಮುಂದೆ ಹೋಗುತ್ತವೆ.

ಹಿನ್ನೆಲೆ

ಅಂಚೆಯ ದಕ್ಷತೆಯನ್ನು ಅಖಿಲ ಭಾರತ ಮಟ್ಟದಲ್ಲಿ ಕೆದಕಿದ ಮೊದಮೊದಲ ಪ್ರಯತ್ನಗಳಲ್ಲಿ 1850ರಲ್ಲಿ ಕಂಪನಿ ಸರ್ಕಾರ ನೇಮಿಸಿದ ಆಯೋಗ ಮುಖ್ಯವಾದುದು. ಆಗ ಕಾಗದದ ದರ ದೂರಕ್ಕೆ ತಕ್ಕಂತೆ ಏರುತ್ತಿತ್ತು. ಅಧಿಕಾರಿಗಳ ಪತ್ರಗಳು ಬಿಟ್ಟಿಯಾಗಿ ಸಾಗುತ್ತಿದ್ದುದರಿಂದ ಅಂಚೆ ನಿಜಕ್ಕೂ ಎಷ್ಟು ದುಡಿಯುತ್ತಿದೆಯೆಂದು ಹೇಳುವುದು ಕಷ್ಟವಿತ್ತು. 1854ರಲ್ಲಿ ದೂರ ಲೆಕ್ಕಿಸದೆ ತೂಕದ ಮೇಲೆ ಏಕರೂಪದ ದರ ಬಂತು. 1866ರಲ್ಲಿ ಸರ್ಕಾರಿ ಪತ್ರಗಳಿಗೆ ‘ಸರ್ವಿಸ್’ ಎಂದು ಮುದ್ರಿಸಿದ ಅಂಚೆಚೀಟಿ ಬಂತು. ಇಲಾಖೆಗಳು ತಮ್ಮ ಕಾಗದಗಳಿಗೆ ತಾವೇ ಹಣ ತೆರಬೇಕಾದ ಈ ಬದಲಾವಣೆ, ಲೆಕ್ಕದ ದೃಷ್ಟಿಯಿಂದ, ದರ ಸುಧಾರಣೆಗಿಂತ ಕಡಿಮೆಯದಲ್ಲ. ಮೈಸೂರು ಸಂಸ್ಥಾನದ ಸ್ವಂತ ಅಂಚೆ ಈ ಚೌಕಟ್ಟಿಗೆ ಸೇರಿದ್ದು 1889ರಲ್ಲಿ.

ಖರ್ಚಿನ ತಪಾಸಣೆ

ದೇಶದ ಒಂದೂವರೆ ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಲ್ಲಿ ಬಹುಪಾಲು ಹಳ್ಳಿಯ ಶಾಖಾ ಕಚೇರಿಗಳು. ಇಲಾಖೆಯ ಒಳಗಿನ ತಪಾಸಣೆಯ ತೂಕವೆಲ್ಲ ಬೀಳುವುದು ಅಲ್ಲಿಯೇ. ಶಾಖೆಯ ಪೋಸ್ಟ್‌ಮಾಸ್ಟರ್ ದಿನದ ಲೆಕ್ಕವನ್ನು ತನ್ನ ಮೇಲಿನ ಕಚೇರಿಗೆ ಒಪ್ಪಿಸಬೇಕು. ನಿಗದಿತ ಮಿತಿಗಿಂತ ಹೆಚ್ಚು ನಗದು ಇಟ್ಟುಕೊಂಡರೆ ಕಾರಣ ಕೊಡಬೇಕು. ಅಂಚೆ ಸಾಗಣೆಯ ಮೇಲ್ವಿಚಾರಕನಾದ ಮೇಲ್ ಓವರ್‌ಸಿಯರ್ ಬಂದಾಗ, ಉಪವಿಭಾಗದ ಇನ್‌ಸ್ಪೆಕ್ಟರ್ ವಾರ್ಷಿಕ ತಪಾಸಣೆಗೆ ಬಂದಾಗ ನಗದು ಮತ್ತು ಅಂಚೆಚೀಟಿಗಳನ್ನು ಎಣಿಸುವುದು ಮೊದಲ ಕೆಲಸ. ಆದರೆ ದೊಡ್ಡ ವಂಚನೆ ಎಣಿಕೆಗೆ ಸಿಗುವುದಿಲ್ಲ. ಉಳಿತಾಯ ಖಾತೆಗೆ ಕಟ್ಟಿದ ಹಣವನ್ನು ಪಾಸ್‌ಬುಕ್ಕಿನಲ್ಲಿ ಬರೆದು, ಮೊಹರು ಒತ್ತಿ, ಕಚೇರಿಯ ಲೆಕ್ಕಕ್ಕೆ ಮಾತ್ರ ತರದೆ ಬಿಟ್ಟರೆ ಪೆಟ್ಟಿಗೆಯ ನಗದು ಪುಸ್ತಕಕ್ಕೆ ಸರಿಹೊಂದಿಯೇ ಇರುತ್ತದೆ. ಪಾಸ್‌ಬುಕ್ಕುಗಳನ್ನು ಮನೆಮನೆಯಿಂದ ತರಿಸಿ ಲೆಡ್ಜರಿನೊಡನೆ ತಾಳೆ ನೋಡುವುದೊಂದೇ ಇದಕ್ಕೆ ಹಳೆಯ ಮದ್ದು. 2017ರಲ್ಲಿ ಆರಂಭವಾದ ದರ್ಪಣ್ ಯೋಜನೆಯಡಿ ಶಾಖೆಗಳಿಗೆ ಕೈಯಂತ್ರ ಬಂದ ಮೇಲೆ ಯಂತ್ರವೇ ರಸೀದಿ ಕೊಡುತ್ತದೆ. ಗ್ರಾಹಕ ರಸೀದಿ ಕೇಳದಿದ್ದರೆ ಹಳೆಯ ದಾರಿ ಈಗಲೂ ತೆರೆದೇ ಇದೆ.

ವೆಚ್ಚದ ಹಂಚಿಕೆ

ಎರಡು ದಶಕಕ್ಕೂ ಹೆಚ್ಚು ಕಾಲದಿಂದ 50 ಪೈಸೆಗೆ ಸಿಗುತ್ತಿರುವ ಪೋಸ್ಟ್‌ಕಾರ್ಡಿಗೆ ಇಲಾಖೆ ಹಲವು ರೂಪಾಯಿ ಖರ್ಚು ಮಾಡುತ್ತದೆ ಎಂಬುದು ಪ್ರಸಿದ್ಧ ಮಾತು. ಆ ಅಂಕಿ ಹುಟ್ಟುವ ಬಗೆ ಅಷ್ಟು ಪ್ರಸಿದ್ಧವಲ್ಲ. ಒಬ್ಬನೇ ಪೋಸ್ಟ್‌ಮ್ಯಾನ್ ಒಂದೇ ಸುತ್ತಿನಲ್ಲಿ ಕಾರ್ಡು, ಮನಿಯಾರ್ಡರು, ಸ್ಪೀಡ್‌ಪೋಸ್ಟ್ ಮೂರನ್ನೂ ಹಂಚುತ್ತಾನೆ. ಅವನ ಸಂಬಳದಲ್ಲಿ ಕಾರ್ಡಿನ ಪಾಲೆಷ್ಟು ಎಂಬುದು ಹಂಚಿಕೆಯ ಸೂತ್ರವನ್ನು ಅವಲಂಬಿಸಿದ ತೀರ್ಮಾನ. ಕಾರ್ಡುಗಳನ್ನೆಲ್ಲ ನಿಲ್ಲಿಸಿದರೂ ಆ ಸಂಬಳ ಉಳಿಯುವುದಿಲ್ಲ. ಅದೇ ಖರ್ಚು ಉಳಿದ ಸೇವೆಗಳ ತಲೆಗೆ ಬರುತ್ತದೆ.

ಒಟ್ಟು ಕೊರತೆಯ ಅಂಕಿಗೂ ಇಂಥದೇ ಎಚ್ಚರಿಕೆ ಬೇಕು. 2018-19ರಲ್ಲಿ ಸುಮಾರು 15,000 ಕೋಟಿ ರೂಪಾಯಿ ಎಂದು ವರದಿಯಾದ ಕೊರತೆಯ ಹಿಂದಿನ ಖರ್ಚಿನಲ್ಲಿ ಸಂಬಳದ ಜೊತೆಗೆ ನಿವೃತ್ತರ ಪಿಂಚಣಿಯೂ ಇದೆ. ಪಿಂಚಣಿಯ ಹೊರೆ ಇಂದಿನ ಕಚೇರಿಗಳ ದಕ್ಷತೆಯನ್ನು ಹೇಳುವುದಿಲ್ಲ. ಮೇಲಾಗಿ, ಹೊಸ ಶಾಖಾ ಕಚೇರಿಗೆ ಇಲಾಖೆಯೇ ಹಾಕಿಕೊಂಡ ಮಾನದಂಡದಂತೆ ಸಾಮಾನ್ಯ ಪ್ರದೇಶದಲ್ಲಿ ವೆಚ್ಚದ ಮೂರರಲ್ಲೊಂದು ಪಾಲು, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ ಶೇ 15ರಷ್ಟು ಆದಾಯದ ನಿರೀಕ್ಷೆಯಿದ್ದರೆ ಸಾಕು. ಹಾಗೆಂದರೆ ನಷ್ಟದ ಒಂದಂಶ ನೀತಿಯ ಫಲ. ನೀತಿಯ ನಷ್ಟವನ್ನೂ ಸೋಮಾರಿತನದ ನಷ್ಟವನ್ನೂ ಬೇರ್ಪಡಿಸದ ವರದಿ ಅಪೂರ್ಣವೆಂದೇ ಹೇಳಬೇಕು.

ದಕ್ಷತೆಯ ಅಳತೆ

ಪರೀಕ್ಷಾ ಪತ್ರಗಳನ್ನು ಡಬ್ಬಿಗೆ ಹಾಕಿ, ಅವು ತಲುಪುವ ದಿನ ಗುರುತಿಸುವುದು ಹಳೆಯ ಕ್ರಮ. ಇಲಾಖೆಯ 2008ರ ಸುಧಾರಣಾ ಯೋಜನೆಯಾದ ಪ್ರಾಜೆಕ್ಟ್ ಆರೋ, ಬಂದ ದಿನವೇ ಬಟವಾಡೆಯಾಯಿತೇ ಎಂಬುದನ್ನು ಕಚೇರಿವಾರು ಅಳೆಯತೊಡಗಿತು. ಈಗ ಅಳತೆಯ ಬಹುಭಾಗ ತಂತ್ರಾಂಶದ್ದು. ಮೈಸೂರಿನಲ್ಲಿರುವ ಅಂಚೆ ತಂತ್ರಜ್ಞಾನ ಉತ್ಕೃಷ್ಟತಾ ಕೇಂದ್ರ ರೂಪಿಸಿದ ಹೊಸ ವ್ಯವಸ್ಥೆಯನ್ನು 2025ರ ಮೇ-ಜೂನ್‌ನಲ್ಲಿ ಕರ್ನಾಟಕ ಅಂಚೆ ವೃತ್ತದಲ್ಲಿ ಪ್ರಯೋಗಿಸಿ, ಆಗಸ್ಟ್ ವೇಳೆಗೆ ದೇಶದಾದ್ಯಂತ ಜಾರಿಗೆ ತರಲಾಯಿತು.