ಹೆಸ್ಕಾಂ ಕೂಡ ಅರ್ಜಿ ಹಾಕಬೇಕು

ಹಿರೇಬೆಂಡಿಗೇರಿಯಂಥ ನಮ್ಮ ಶಿಗ್ಗಾಂವಿ ಕಡೆಯ ಊರುಗಳಲ್ಲಿ ಕರೆಂಟ್ ಹೋದರೆ ಹಿರಿಯರು ಈಗಲೂ ‘ಕೆಇಬಿಯವರಿಗೆ ಫೋನ್ ಹಚ್ಚು’ ಅನ್ನುತ್ತಾರೆ. ಕೆಇಬಿ ಹೋಗಿ ಕಾಲು ಶತಮಾನ ದಾಟಿತು. ಹೆಸರಿನ ಜೊತೆಗೆ ಇನ್ನೊಂದು ಸಂಗತಿಯೂ ಬದಲಾಗಿದೆ. ಕರೆಂಟ್ ದರ ಏರಿಸಬೇಕಾದರೆ ಈಗ ಕಂಪನಿಯೂ ನಮ್ಮ ಹಾಗೆ ಅರ್ಜಿ ಹಾಕಬೇಕು.

1956ರ ನವೆಂಬರ್ 1ರವರೆಗೆ ನಮ್ಮ ಭಾಗ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಏಕೀಕರಣದ ಮರುವರ್ಷ, 1957ರಲ್ಲಿ, ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಹುಟ್ಟಿತು. ರಾಜ್ಯದ ಹೆಸರು ಕರ್ನಾಟಕವಾದ ಮೇಲೆ ಅದೇ ಕೆಇಬಿ ಆಯಿತು. 1948ರ ಕಾಯ್ದೆ ಪ್ರಕಾರ ದರ ಗೊತ್ತುಮಾಡುವ ಅಧಿಕಾರ ಮಂಡಳಿಯದೇ. ಕರೆಂಟ್ ಮಾರುವವರೇ ಬೆಲೆ ಕಟ್ಟುತ್ತಿದ್ದರು. ಲೆಕ್ಕ ಕೇಳುವ ಜಾಗ ಜನರಿಗೆ ಇರಲಿಲ್ಲ.

1999ರಲ್ಲಿ ರಾಜ್ಯ ಸುಧಾರಣಾ ಕಾಯ್ದೆ ತಂದು, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸ್ಥಾಪಿಸಿತು. ಅದೇ ವರ್ಷ ಆಗಸ್ಟ್‌ನಲ್ಲಿ ಕೆಇಬಿ ಜಾಗಕ್ಕೆ ಕೆಪಿಟಿಸಿಎಲ್ ಬಂತು. 2002ರ ಜೂನ್‌ನಲ್ಲಿ ಹುಬ್ಬಳ್ಳಿ ಕೇಂದ್ರವಾಗಿ ಹೆಸ್ಕಾಂ ಶುರುವಾಯಿತು. ಹಾವೇರಿ ಜಿಲ್ಲೆ ಅದರ ವ್ಯಾಪ್ತಿಗೆ ಸೇರಿತು.

ಕೇಂದ್ರದ 2003ರ ವಿದ್ಯುಚ್ಛಕ್ತಿ ಕಾಯ್ದೆಯ 64ನೇ ಕಲಂ ಈ ಅರ್ಜಿಯ ದಾರಿ ಹೇಳುತ್ತದೆ. ಕಂಪನಿ ತನ್ನ ಖರ್ಚು, ಆದಾಯ, ಬೇಕಾದ ದರ ಎಲ್ಲವನ್ನೂ ಆಯೋಗಕ್ಕೆ ಸಲ್ಲಿಸಬೇಕು. ಅದರ ಸಾರಾಂಶ ಪ್ರಕಟಿಸಬೇಕು. ಜನರ ಸಲಹೆ, ಆಕ್ಷೇಪಣೆಗಳನ್ನು ಆಯೋಗ ಪರಿಗಣಿಸಬೇಕು. ಅರ್ಜಿ ಕೈಸೇರಿದ 120 ದಿನದೊಳಗೆ ಆದೇಶ ಕೊಡಬೇಕು. ಅರ್ಜಿ ತಿರಸ್ಕರಿಸಿದರೆ ಕಾರಣ ಬರೆಯಬೇಕು.

ಇದರಿಂದ ಏನಾದರೂ ಆಗುತ್ತದೆಯೇ? 2023ರಲ್ಲಿ ರಾಜ್ಯದ ಕಂಪನಿಗಳು ಯೂನಿಟ್‌ಗೆ ಸರಾಸರಿ 1 ರೂಪಾಯಿ 39 ಪೈಸೆ ಏರಿಕೆ ಕೇಳಿದವು. ಆ ಮೇ ತಿಂಗಳ ಆದೇಶದಲ್ಲಿ ಆಯೋಗ ಒಪ್ಪಿದ್ದು 70 ಪೈಸೆ. ದರ ಏರಿತು ನಿಜ, ಆದರೆ ಕೇಳಿದ್ದರಲ್ಲಿ ಅರ್ಧ ಮಾತ್ರ.

‘ನಮ್ಮ ಪಂಪ್‌ಸೆಟ್‌ಗೆ ಕರೆಂಟ್ ಪುಕ್ಕಟೆ, ನಮಗೇಕೆ ಈ ಉಸಾಬರಿ?’ ಎನ್ನಬಹುದು. ಪುಕ್ಕಟೆ ಎಂದರೂ ಆ ಹಣವನ್ನು ಸರ್ಕಾರ ತುಂಬಬೇಕು, ಅದೂ ಕಾಯ್ದೆಯ 65ನೇ ಕಲಂ ಪ್ರಕಾರ ಮುಂಗಡವಾಗಿ. ಹೆಚ್ಚಿನ ಪಂಪ್‌ಸೆಟ್‌ಗಳಿಗೆ ಮೀಟರ್ ಇಲ್ಲ. ಆದ್ದರಿಂದ ಅವು ಎಷ್ಟು ಯೂನಿಟ್ ಉಂಡವು ಎಂಬುದನ್ನು ಫೀಡರ್ ಮೀಟರ್ ನೋಡಿ ಅಂದಾಜಿಸುತ್ತಾರೆ. ಅಂದಾಜು ತಪ್ಪಿದರೆ ತಂತಿಯಲ್ಲಿ ಸೋರಿದ್ದು, ಕಳುವಾದದ್ದು ಕೂಡ ರೈತರ ಖಾತೆಗೆ ಬೀಳುತ್ತದೆ. ಆಮೇಲೆ ‘ರೈತರೇ ಕರೆಂಟ್ ಸುರಿದರು’ ಎಂಬ ಮಾತು ಹುಟ್ಟುತ್ತದೆ.

ನಮ್ಮ ಫೀಡರ್‌ನಲ್ಲಿ ಮೂರು ಫೇಸ್ ದಿನಕ್ಕೆ ಎಷ್ಟು ತಾಸು ಬಂತು, ಟಿಸಿ ಸುಟ್ಟು ಎಷ್ಟು ದಿನ ಹೊಲ ಒಣಗಿತು ಎಂಬ ಲೆಕ್ಕ ಊರವರ ಹತ್ತಿರವೇ ಇರುತ್ತದೆ. ಅದನ್ನು ತಾರೀಖು ಸಮೇತ ಬರೆದಿಟ್ಟುಕೊಳ್ಳೋಣ. ಹೆಸ್ಕಾಂ ದರದ ಅರ್ಜಿಯ ಪ್ರಕಟಣೆ ಪೇಪರ್‌ನಲ್ಲಿ ಬಂದಾಗ, ಅದರಲ್ಲಿ ಹೇಳಿದ ಗಡುವಿನೊಳಗೆ ಕನ್ನಡದಲ್ಲೇ ಆಕ್ಷೇಪಣೆ ಬರೆದು ಆಯೋಗಕ್ಕೆ ಕಳಿಸೋಣ. ಕಂಪನಿಯ ಲೆಕ್ಕದ ಎದುರಿಗೆ ಊರಿನ ಲೆಕ್ಕವೂ ಇರಲಿ.