ಕಂಚಿನ ವಿಗ್ರಹಗಳ ಕಾಲನಿರ್ಣಯ: ಲೋಹವೂ ನೆಲೆಯೂ

ಹಳಗನ್ನಡ ಕೃತಿಯೊಂದರ ಕಾಲವನ್ನು ನಿರ್ಣಯಿಸುವಾಗ ವಿದ್ವಾಂಸರು ಆಂತರಿಕ, ಬಾಹ್ಯ ಎಂಬ ಎರಡು ಬಗೆಯ ಆಧಾರಗಳನ್ನು ಪರಿಶೀಲಿಸುವುದುಂಟು. ಚೋಳರ ಕಾಲದ ಕಂಚಿನ ವಿಗ್ರಹಗಳಿಗೂ ಈ ಕ್ರಮ ಅನ್ವಯಿಸುತ್ತದೆ. ಆದರೆ ಇಲ್ಲಿ ಆಂತರಿಕ ಆಧಾರವೊಂದನ್ನೇ ನಂಬಿ ಬಹುದೂರ ಸಾಗಲಾಗದು.

ಲೋಹದಲ್ಲಿ ಜೀವಮೂಲದ ಇಂಗಾಲವಿಲ್ಲದ ಕಾರಣ ರೇಡಿಯೊಕಾರ್ಬನ್ ವಿಧಾನ ನೆರವಿಗೆ ಬಾರದು. ಟೊಳ್ಳು ಎರಕದ ವಿಗ್ರಹಗಳಾದರೆ ಒಡಲಲ್ಲಿ ಉಳಿದ ಸುಟ್ಟ ಮಣ್ಣನ್ನು ಥರ್ಮೋಲ್ಯೂಮಿನೆಸೆನ್ಸ್ ಪರೀಕ್ಷೆಗೆ ಒಳಪಡಿಸಿ, ಅದು ಕಡೆಯ ಬಾರಿ ಕಾದ ಕಾಲವನ್ನು ಅಂದಾಜಿಸಬಹುದು. ಚೋಳ ವಿಗ್ರಹಗಳು ಬಹುಮಟ್ಟಿಗೆ ಘನ ಎರಕದವು. ಅವುಗಳಲ್ಲಿ ಅಂತಹ ಮಣ್ಣಿಲ್ಲ. ಶತಮಾನಗಳಷ್ಟು ಹಳೆಯದೆಂಬಂತೆ ತೋರುವ ಹಸಿರು ಕಿಲುಬನ್ನು ರಾಸಾಯನಿಕಗಳಿಂದ ಬರಿಸಲು ಸಾಧ್ಯ. ಶೈಲಿಯೂ ತಾನೊಂದೇ ಸಾಲದು. ಸ್ವಾಮಿಮಲೆಯ ಸ್ಥಪತಿಗಳು ಇಂದಿಗೂ ಶಾಸ್ತ್ರೋಕ್ತ ಪ್ರಮಾಣಗಳಿಗೆ ಅನುಸಾರವಾಗಿಯೇ ಮೂರ್ತಿಗಳನ್ನು ಎರಕ ಹೊಯ್ಯುತ್ತಾರೆ.

ಬೆಂಗಳೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್ಡ್ ಸ್ಟಡೀಸ್‌ನ ಶಾರದಾ ಶ್ರೀನಿವಾಸನ್ ಅವರು ಸೀಸದ ಐಸೊಟೋಪ್‌ಗಳನ್ನೂ ಅಲ್ಪಾಂಶ ಧಾತುಗಳನ್ನೂ ವಿಶ್ಲೇಷಿಸಿ, ದಕ್ಷಿಣ ಭಾರತದ ವಿಗ್ರಹಗಳನ್ನು ಕಾಲಾನುಸಾರ ವರ್ಗೀಕರಿಸುವ ಮಹತ್ತ್ವದ ಕೆಲಸ ಮಾಡಿದ್ದಾರೆ. ಇಂತಹ ಹೋಲಿಕೆಗೂ ಕಾಲ ಖಚಿತವಾಗಿರುವ ಕೆಲವು ವಿಗ್ರಹಗಳು ಅಳತೆಗೋಲಾಗಿ ಬೇಕೇ ಬೇಕು. ತಿರುವೆಂಕಾಡಿನ ವೃಷಭವಾಹನ ಶಿವಮೂರ್ತಿ ಅಂತಹ ಒಂದು ಅಳತೆಗೋಲು. ಅದರ ಕಾಲ 1011 ಎಂದು ತಿಳಿಸುವುದು ವಿಗ್ರಹದ ಲೋಹವಲ್ಲ, ಆ ಊರಿನ ದೇಗುಲದ ಶಾಸನ. ಬಾಹ್ಯ ಆಧಾರದ ಬಲ ಇದು.

ನಿಜ ಯಾವುದು, ನಕಲು ಯಾವುದು ಎಂಬ ಪ್ರಶ್ನೆಗೆ ಎರಕದ ವಿಧಾನದಲ್ಲಿಯೇ ಒಂದು ಸುಳಿವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಈ ವಿಧಾನವನ್ನು ವಿವರಿಸುತ್ತದೆ. ಮೇಣದಲ್ಲಿ ಮೂರ್ತಿಯನ್ನು ರೂಪಿಸಿ, ಮಣ್ಣು ಮೆತ್ತಿ, ಕಾಯಿಸಿ ಮೇಣವನ್ನು ಹೊರಹರಿಸಿ, ಆ ತೆರವಿಗೆ ಕರಗಿದ ಲೋಹವನ್ನು ಹೊಯ್ಯಬೇಕು. ಕಡೆಗೆ ಅಚ್ಚನ್ನು ಒಡೆಯಲೇಬೇಕು. ಹೀಗೆ ಒಂದು ಅಚ್ಚಿಗೆ ಒಂದೇ ಮೂರ್ತಿ. ಪ್ರತಿಕೃತಿ ಮಾಡುವವನು ಮೇಣವನ್ನು ಮತ್ತೆ ತಿದ್ದಬೇಕಾಗುತ್ತದೆ; ಅಲ್ಲಿ ವ್ಯತ್ಯಾಸಗಳು ನುಸುಳುತ್ತವೆ. ಲಿಪಿಕಾರನ ಪ್ರಮಾದಗಳಿಂದ ಪ್ರತಿಗಳನ್ನು ಗುರುತಿಸುವ ಗ್ರಂಥಸಂಪಾದಕನಿಗೆ ಈ ತರ್ಕ ಅಪರಿಚಿತವಲ್ಲ.

ತಂಜಾವೂರು ಸೀಮೆಯ ಶಿವಪುರದ ನಟರಾಜನ ಪ್ರಸಂಗ ಇದಕ್ಕೆ ನಿದರ್ಶನ. 1951ರಲ್ಲಿ ನೆಲದಡಿ ದೊರೆತ ಆ ಮೂರ್ತಿ ದೇಗುಲಕ್ಕೆ ಸಂದಿತು. ದುರಸ್ತಿಯ ನೆಪದಲ್ಲಿ ಹೊರಹೋದಾಗ ಮೂಲ ಮೂರ್ತಿಯ ಬದಲು ಪ್ರತಿಕೃತಿ ಹಿಂದಿರುಗಿತು. ಭಕ್ತರು ವರ್ಷಗಟ್ಟಲೆ ಅದಕ್ಕೇ ಕೈಮುಗಿದರು. ದೇಗುಲದಲ್ಲಿರುವುದು ನಕಲು ಎಂಬುದನ್ನು ಬ್ರಿಟಿಷ್ ಮ್ಯೂಸಿಯಮ್ಮಿನ ಡಗ್ಲಸ್ ಬ್ಯಾರೆಟ್ 1965ರ ತಮ್ಮ ಗ್ರಂಥದಲ್ಲಿ ಬಯಲು ಮಾಡಿದರು. ಮೂಲ ಮೂರ್ತಿಯನ್ನು 1973ರಲ್ಲಿ ಅಮೆರಿಕದ ನಾರ್ಟನ್ ಸೈಮನ್ ಸಂಸ್ಥೆ 9 ಲಕ್ಷ ಡಾಲರಿಗೆ ಕೊಂಡಿತು. ಭಾರತ ಸರಕಾರ ಹೂಡಿದ ದಾವೆ ರಾಜಿಯಲ್ಲಿ ಮುಗಿದು, 1986ರಲ್ಲಿ ಅದು ತಾಯ್ನಾಡಿಗೆ ಮರಳಿತು.

ಶ್ರೀಪುರಂತನ್ ಎಂಬ ಊರಿನ ನಟರಾಜನೂ ಹೀಗೆಯೇ ಕಳುವಾಗಿ, 2008ರಲ್ಲಿ ಆಸ್ಟ್ರೇಲಿಯಾದ ನ್ಯಾಷನಲ್ ಗ್ಯಾಲರಿಯನ್ನು ಸೇರಿತ್ತು. ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್ ಅದು ದೇಗುಲದಲ್ಲಿದ್ದಾಗಲೇ ತೆಗೆದಿರಿಸಿದ್ದ ಛಾಯಾಚಿತ್ರ ಅದರ ಗುರುತನ್ನು ಸಾಬೀತುಪಡಿಸಿತು. 2014ರಲ್ಲಿ ಅದೂ ಹಿಂದಿರುಗಿತು. ಶಾಸನ ಮಾಡುವ ಕೆಲಸವನ್ನು ಇಲ್ಲಿ ಛಾಯಾಚಿತ್ರ ಮಾಡಿತು.

ಎರಡೂ ಪ್ರಸಂಗಗಳು ಒಂದೇ ಮಾತನ್ನು ಹೇಳುತ್ತವೆ. ವಿಗ್ರಹದ ಪ್ರಾಮಾಣ್ಯ ಅದರ ಲೋಹದಲ್ಲಿ ಎಷ್ಟಿದೆಯೋ ಅದರ ನೆಲೆಯಲ್ಲಿಯೂ ಅಷ್ಟಿದೆ. ನೆಲೆ ತಪ್ಪಿದ ವಿಗ್ರಹಕ್ಕೆ ಬೆಲೆ ಸಿಗಬಹುದು. ಕಾಲ ಮಾತ್ರ ಊಹೆಯಾಗಿ ಉಳಿಯುತ್ತದೆ. ಆದುದರಿಂದ ಮೂರ್ತಿಗಳ್ಳತನವೆಂಬುದು ದೇವರ ಸೊತ್ತಿನ ಅಪಹಾರವಷ್ಟೇ ಅಲ್ಲ, ಚರಿತ್ರೆಯ ಸಾಕ್ಷ್ಯನಾಶವೂ ಹೌದು. ಊರೂರಿನ ಗುಡಿಬಸದಿಗಳ ಮೂರ್ತಿಗಳನ್ನು ಅವು ಸ್ವಸ್ಥಾನದಲ್ಲಿರುವಾಗಲೇ ಅಳೆದು, ಚಿತ್ರಿಸಿ, ದಾಖಲಿಸಿಡುವುದು ಶಾಸನ ಸಂಗ್ರಹದಷ್ಟೇ ಜರೂರಿನ ಕಾರ್ಯವಾಗಿದೆ.