ಹಿಮಟಾಕ್ಸಿಲಿನ್–ಇಯೋಸಿನ್ ಬಣ್ಣಗಾರಿಕೆಯ ಇತಿಹಾಸ

ಹಿಮಟಾಕ್ಸಿಲಿನ್–ಇಯೋಸಿನ್ ಎಂಬುದು ಅಂಗಾಂಶವನ್ನು ಸೂಕ್ಷ್ಮದರ್ಶಕದಡಿ ಇಡುವ ಮುನ್ನ ಅದಕ್ಕೆ ಹಾಕುವ ಜೋಡಿ ಬಣ್ಣ. ಮೇಣದಲ್ಲಿ ಹುದುಗಿಸಿ 3ರಿಂದ 5 ಮೈಕ್ರೊಮೀಟರ್ ದಪ್ಪಕ್ಕೆ ಕೊಯ್ದ ಅಂಗಾಂಶದ ಹಾಳೆ ಹೆಚ್ಚುಕಡಿಮೆ ಪಾರದರ್ಶಕ. ಹಿಮಟಾಕ್ಸಿಲಿನ್ ಕೋಶಕೇಂದ್ರಗಳನ್ನು ನೀಲಿಯಾಗಿಸುತ್ತದೆ. ಇಯೋಸಿನ್ ಕೋಶದ್ರವ್ಯಕ್ಕೂ ನಾರುಗಳಿಗೂ ಗುಲಾಬಿಯ ಹಲವು ಛಾಯೆ ಕೊಡುತ್ತದೆ. ಗಡ್ಡೆ ಕ್ಯಾನ್ಸರೋ ಅಲ್ಲವೋ ಎಂಬ ತೀರ್ಮಾನ ಇಂದಿಗೂ ಬಹುಮಟ್ಟಿಗೆ ಇವೆರಡನ್ನೇ ನೆಚ್ಚಿಕೊಂಡಿದೆ. ಕೋಶಕೇಂದ್ರ ಕಪ್ಪಿಟ್ಟರೆ ಒಳಗಿನ ಕ್ರೊಮ್ಯಾಟಿನ್ ವಿನ್ಯಾಸ ಮುಚ್ಚಿಹೋಗುತ್ತದೆ, ಪೇಲವವಾದರೆ ಕಾಣುವುದೇ ಇಲ್ಲ. ಹಾಗಾಗಿ ಇಂದು ಬಂದ ಬಣ್ಣವೇ ನಾಳೆಯೂ ಬರುವಂತೆ ಮಾಡಲು ನಡೆದ ಪ್ರಯತ್ನಗಳೇ ಈ ವಿಧಾನದ ಚರಿತ್ರೆಯ ಮುಖ್ಯ ಭಾಗ.

ಹಿಮಟಾಕ್ಸಿಲಿನ್ ಸಿಗುವುದು ಲಾಗ್‌ವುಡ್ ಮರದ ಕೆಚ್ಚಿನಿಂದ. ಮೆಕ್ಸಿಕೊದ ಕಂಪೆಚೆ ಸೀಮೆಯ ಈ ಮರವನ್ನು 16ನೆಯ ಶತಮಾನದಲ್ಲಿ ಸ್ಪೇನಿನವರು ಯುರೋಪಿಗೆ ಸಾಗಿಸಿದರು. ಬಟ್ಟೆಯ ಮೇಲೆ ಅದರ ಬಣ್ಣ ನಿಲ್ಲುವುದಿಲ್ಲವೆಂದು ಇಂಗ್ಲೆಂಡ್ 1581ರಲ್ಲಿ ಕಾನೂನು ಮಾಡಿ ನಿಷೇಧಿಸಿತು. ನಿಷೇಧ ತೆರವಾದದ್ದು 1662ರಲ್ಲಿ. ಲೋಹದ ಲವಣ ಸೇರಿಸಿದರೆ ಬಣ್ಣ ನೂಲನ್ನು ಕಚ್ಚಿ ಹಿಡಿಯುತ್ತದೆಂಬುದು ಬಣ್ಣಗಾರರಿಗೆ ಗೊತ್ತಾಯಿತು. ಪ್ರಯೋಗಾಲಯದವರಿಗೆ ಆ ತಿಳಿವು ತಲುಪಲು ಇನ್ನೂರು ವರ್ಷ ಹಿಡಿಯಿತು. 1863ರಲ್ಲಿ ಜರ್ಮನಿಯ ವಾಲ್ಡೆಯರ್ ಬರೀ ಹಿಮಟಾಕ್ಸಿಲಿನ್ ಬಳಸಿದಾಗ ಫಲ ಅಷ್ಟಕ್ಕಷ್ಟೇ. 1865ರಲ್ಲಿ ಬೋಮರ್ ಅದಕ್ಕೆ ಪಟಿಕ ಬೆರೆಸಿದ. ಪಟಿಕದ ಅಲ್ಯೂಮಿನಿಯಂ ಬಣ್ಣಕ್ಕೂ ಕೋಶಕೇಂದ್ರಕ್ಕೂ ನಡುವಿನ ಕೊಂಡಿಯಾಯಿತು. ಇಂದಿನ ಬಹುಪಾಲು ಪಾಕಗಳು ಅದೇ ದಾರಿಯವು. ಕಾರೊ 1870ರ ದಶಕದಲ್ಲಿ ತಯಾರಿಸಿದ ಇಯೋಸಿನ್ ಬೇಗನೆ ಅಂಗಾಂಶಕ್ಕೂ ಬಂತು. 1876ರಲ್ಲಿ ವಿಸೊಟ್ಸ್ಕಿ ಎರಡನ್ನೂ ಜೋಡಿಸಿದ.

ಆದರೂ ಬಣ್ಣ ದಿನಕ್ಕೊಂದು ಬಗೆ. ಹಿಮಟಾಕ್ಸಿಲಿನ್ ತಾನಾಗಿ ಬಣ್ಣವಲ್ಲ, ಉತ್ಕರ್ಷಣಗೊಂಡು ಹಿಮಟೀನ್ ಆದಾಗಲೇ ಅದು ಕೆಲಸ ಮಾಡುತ್ತದೆ. ಪಾಲ್ ಮೇಯರ್ 1891ರಲ್ಲಿ ನೇರವಾಗಿ ಹಿಮಟೀನನ್ನೇ ಬಳಸಿ ಇದನ್ನು ತೋರಿಸಿದ. ಎರ್ಲಿಕ್‌ನ 1886ರ ಪಾಕವನ್ನು ಗಾಳಿ ಬೆಳಕಿಗಿಟ್ಟು ಮಾಗಿಸಲು ಸುಮಾರು ಎರಡು ತಿಂಗಳು ಬೇಕು. ಯಾವ ಸೀಸೆ ಎಷ್ಟು ಮಾಗಿದೆ ಎಂಬುದು ಅನುಭವಿಯ ಕಣ್ಣಿಗೆ ಮಾತ್ರ ಗೊತ್ತು. ಹ್ಯಾರಿಸ್ 1900ರಲ್ಲಿ ಪಾದರಸದ ಆಕ್ಸೈಡ್ ಹಾಕಿ ಕೂಡಲೇ ಮಾಗಿಸಿದ. ಪಾದರಸ ವಿಷವಾದ್ದರಿಂದ ಕಾಲಾಂತರದಲ್ಲಿ ಆ ಜಾಗಕ್ಕೆ ಸೋಡಿಯಂ ಅಯೊಡೇಟ್ ಬಂತು. ಇದನ್ನು ತೂಕ ಹಾಕಿಯೇ ಸೇರಿಸಬೇಕು. ಉತ್ಕರ್ಷಣ ಮಿತಿಮೀರಿದರೆ ಪಾಕ ಕಂದುಗಟ್ಟಿ ಶಕ್ತಿ ಕಳೆದುಕೊಳ್ಳುತ್ತದೆ.

ನೀರಿನ ಪಾತ್ರವೂ ಸಣ್ಣದಲ್ಲ. ಆಮ್ಲೀಯ ಪಾಕದಿಂದ ಹೊರಬಂದ ಕೋಶಕೇಂದ್ರ ಕೆಂಪು ಮಿಶ್ರಿತ ನೇರಳೆ. ತುಸು ಕ್ಷಾರೀಯ ನೀರಿನಲ್ಲಿ ತೊಳೆದಾಗ ಅದು ನೀಲಿಗೆ ತಿರುಗುತ್ತದೆ. ಗಡಸು ನಲ್ಲಿನೀರು ಬರುವ ಊರಿನಲ್ಲಿ ಇದು ತಾನಾಗಿಯೇ ಆಗಿಬಿಡುತ್ತದೆ, ಮೆದು ನೀರಿನ ಊರಿನಲ್ಲಿ ಆಗುವುದಿಲ್ಲ. ಅಂಥಲ್ಲಿ ಸೋಡಿಯಂ ಬೈಕಾರ್ಬೊನೇಟ್ ಮತ್ತು ಮೆಗ್ನೀಸಿಯಂ ಸಲ್ಫೇಟ್ ಕರಗಿಸಿದ ಸ್ಕಾಟ್ ದ್ರಾವಣ ಬಳಕೆಗೆ ಬಂತು. ಒಂದೇ ಪಾಕ ಎರಡು ಊರಿನಲ್ಲಿ ಎರಡು ಬಗೆಯಾಗಿ ಕಂಡರೆ ಮೊದಲು ನೀರನ್ನೇ ಪರೀಕ್ಷಿಸುವುದು ಜಾಣತನ.

ಬಣ್ಣದ ಬಟ್ಟಲಿಗೆ ಇಳಿಯುವ ಮೊದಲೇ ಅರ್ಧ ಫಲಿತಾಂಶ ನಿರ್ಧಾರವಾಗಿರುತ್ತದೆ. ಫ್ರಾಂಕ್‌ಫರ್ಟ್‌ನ ವೈದ್ಯ ಫರ್ಡಿನಾಂಡ್ ಬ್ಲೂಮ್ ಫಾರ್ಮಾಲ್ಡಿಹೈಡನ್ನು ಸೋಂಕುನಾಶಕವಾಗಿ ಪರೀಕ್ಷಿಸುತ್ತಿದ್ದಾಗ ತನ್ನ ಬೆರಳ ಚರ್ಮ ಗಟ್ಟಿಯಾದದ್ದನ್ನು ಗಮನಿಸಿದ. 1893ರಲ್ಲಿ ಅಂಗಾಂಶವನ್ನು ಕೆಡದಂತೆ ಹಿಡಿದಿಡಲು ಅದನ್ನೇ ಸೂಚಿಸಿದ. ಫಾರ್ಮಾಲಿನ್ (ಫಾರ್ಮಾಲ್ಡಿಹೈಡ್ ದ್ರಾವಣ) ತಲುಪದೆ ಉಳಿದ ಒಳಭಾಗಕ್ಕೆ ಎಷ್ಟೇ ಒಳ್ಳೆಯ ಬಣ್ಣ ಹಾಕಿದರೂ ಮಸುಕೇ.

ಬಣ್ಣದ ಪುಡಿಗೆ ಬಹಳ ಕಾಲ ಜಗತ್ತು ಜರ್ಮನಿಯ ಕಡೆಗೇ ನೋಡುತ್ತಿತ್ತು. ಲೈಪ್‌ಜಿಗ್‌ನ ಗ್ರೂಬ್ಲರ್ ಸಂಸ್ಥೆ ಬಟ್ಟೆ ಬಣ್ಣಗಳಲ್ಲಿ ಅಂಗಾಂಶಕ್ಕೆ ಒಗ್ಗುವ ಮಾಲನ್ನು ಪರೀಕ್ಷಿಸಿ, ಆರಿಸಿ ಮಾರುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಆ ಪೂರೈಕೆ ನಿಂತಿತು. ಅಮೆರಿಕದ ಕಾರ್ಖಾನೆಗಳ ಬಣ್ಣ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಬದಲಾಗುತ್ತಿತ್ತು. ಈ ಬಿಕ್ಕಟ್ಟಿನಿಂದಲೇ 1920ರ ದಶಕದ ಆರಂಭದಲ್ಲಿ, ಬ್ಯಾಕ್ಟೀರಿಯಾ ವಿಜ್ಞಾನಿ ಎಚ್. ಜೆ. ಕಾನ್ ಮುಂದಾಳತ್ವದಲ್ಲಿ, ಮುಂದೆ ಬಯಲಾಜಿಕಲ್ ಸ್ಟೇನ್ ಕಮಿಷನ್ ಎನಿಸಿದ ಸಂಸ್ಥೆ ಹುಟ್ಟಿತು. ಕಾರ್ಖಾನೆಯ ಪ್ರತಿ ಬ್ಯಾಚಿನ ಮಾದರಿಯನ್ನು ರಾಸಾಯನಿಕವಾಗಿಯೂ ಅಂಗಾಂಶದ ಮೇಲೆಯೂ ಪರೀಕ್ಷಿಸಿ, ಆ ಬ್ಯಾಚಿಗಷ್ಟೇ ಪ್ರಮಾಣಪತ್ರ ಕೊಡುವುದು ಅದರ ಪದ್ಧತಿ. ಕಾನ್‌ನ ‘ಬಯಲಾಜಿಕಲ್ ಸ್ಟೇನ್ಸ್’ ಪುಸ್ತಕ 1925ರಲ್ಲಿ ಹೊರಬಂತು. ಈ ಚರಿತ್ರೆಯಲ್ಲಿ ಪಟಿಕದ ನಂತರದ ಅತಿ ದೊಡ್ಡ ಹೆಜ್ಜೆ ಇದೇ ಎನ್ನಬೇಕು, ಏಕೆಂದರೆ ಮೊದಲ ಬಾರಿಗೆ ಬಣ್ಣದ ಗುಣ ಮಾರುವವನ ಮಾತನ್ನಷ್ಟೇ ನಂಬಿ ನಿಲ್ಲಲಿಲ್ಲ.

ಆಮೇಲೆ ಬಂದ ಯಂತ್ರಗಳು ಪ್ರತಿ ಬಟ್ಟಲಿನಲ್ಲಿ ಸ್ಲೈಡ್ ಮುಳುಗಿರುವ ಹೊತ್ತನ್ನು ಸೆಕೆಂಡಿನ ಲೆಕ್ಕಕ್ಕೆ ತಂದವು. ರೋಗಿಗಳ ಸ್ಲೈಡ್‌ಗಳಿಗೆ ಮುನ್ನ ಗೊತ್ತಿರುವ ಅಂಗಾಂಶವೊಂದಕ್ಕೆ ಬಣ್ಣ ಹಾಕಿ ನೋಡುವ ರೂಢಿಯೂ ಬೆಳೆಯಿತು. ಮರದ ಮೇಲಿನ ಅವಲಂಬನೆ ಮಾತ್ರ ತಪ್ಪಲಿಲ್ಲ: 2008ರಲ್ಲಿ ಹಿಮಟಾಕ್ಸಿಲಿನ್ ಅಭಾವ ಹಲವು ದೇಶಗಳ ಪ್ರಯೋಗಾಲಯಗಳಿಗೆ ತಟ್ಟಿತು. ಸ್ಲೈಡುಗಳು ಕಂಪ್ಯೂಟರಿಗೆ ಬಂದ ಮೇಲೆ, ಬೇರೆಬೇರೆ ಪ್ರಯೋಗಾಲಯಗಳ ಬಣ್ಣವನ್ನು ಲೆಕ್ಕಾಚಾರದಿಂದ ಒಂದೇ ಮಟ್ಟಕ್ಕೆ ತರುವ ವಿಧಾನಗಳು ಬಂದಿವೆ. 2009ರಲ್ಲಿ ಮಾಸೆಂಕೊ ಮತ್ತು ಸಂಗಡಿಗರು ಪ್ರಕಟಿಸಿದ್ದು ಹೆಚ್ಚು ಬಳಕೆಯಲ್ಲಿದೆ. ಅದು ಛಾಯೆಯ ವ್ಯತ್ಯಾಸವನ್ನು ಸರಿದೂಗಿಸುತ್ತದೆ. ತಡವಾಗಿ ಫಾರ್ಮಾಲಿನ್ ಕಂಡ ಅಂಗಾಂಶದಲ್ಲಿ ಅಳಿಸಿಹೋದ ವಿವರವನ್ನು ಮರಳಿ ತರಲಾರದು.